ಹಣೆಬರಹವಲ್ಲ, ತಲೆಬರಹ



ತೋಲ್ಪೆಟ್ಟಿಯಲ್ಲಿ ಬಸ್ಸು ಕಾಯುವ ಜಾಗದಲ್ಲಿ ಪರಿಚಯವಿಲ್ಲದ ಹುಡುಗನೊಬ್ಬ ಕಂಡರೆ ಹಿರಿಯರು ಕೇಳುವ ಮೊದಲನೆಯ ಪ್ರಶ್ನೆ, "ನೀನು ಯಾರ ಮನೆಯ ಮಗು?" ಎಂಬುದು. ಎರಡನೆಯದು, "ಯಾವ ತೋಟದ ಕಡೆಯವರು?" ಎಂಬುದು. ಈ ಎರಡಕ್ಕೆ ಉತ್ತರ ಸಿಕ್ಕಿತೆಂದರೆ ಕೇಳಿದವರಿಗೆ ಎಲ್ಲವೂ ಗೊತ್ತಾದಂತೆಯೇ. ಹುಡುಗನ ತಂದೆ ಯಾರು, ಅಜ್ಜಿ ಯಾವ ಊರಿನಿಂದ ಬಂದವಳು, ಮನೆ ಇರುವುದು ಹಾಡಿಯಲ್ಲೋ ಲೈನಿನಲ್ಲೋ ಎಂಬುದೆಲ್ಲ ಆ ಒಂದು ಉತ್ತರದಲ್ಲಿ ಅಡಗಿರುತ್ತದೆ. ಇದು ಪ್ರೀತಿಯ ಪ್ರಶ್ನೆ. ಇದನ್ನು ನಾನು ಹಳಿಯುವುದಿಲ್ಲ.

ಆದರೆ ಅದೇ ಹುಡುಗ ಕಾಡಿನ ದಾರಿ ದಾಟಿ ಮೈಸೂರಿಗೋ ಕೋಳಿಕ್ಕೋಡಿಗೋ ಬೆಂಗಳೂರಿಗೋ ಹೋದನೆನ್ನಿ. ಅಲ್ಲಿ ಯಾರ ಮನೆಯ ಮಗು ಎಂದು ಕೇಳುವವರಿಲ್ಲ. ಅಲ್ಲಿಯ ಪ್ರಶ್ನೆ ಬೇರೆ: "ನಿನಗೆ ಯಾವ ಕೆಲಸ ಬರುತ್ತದೆ?" ಮೊದಲನೆಯ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳುವ ನಮ್ಮ ಮಕ್ಕಳು ಈ ಪ್ರಶ್ನೆಗೆ ತಡವರಿಸುತ್ತಾರೆ. ಕೆಲಸ ಬಾರದೆ ತಡವರಿಸುವುದಲ್ಲ. ಬರುವುದನ್ನು ಹೇಳುವ ಅಭ್ಯಾಸವಿಲ್ಲದೆ ತಡವರಿಸುವುದು. ಆ ಉತ್ತರವನ್ನು ಒಂದೇ ಸಾಲಿನಲ್ಲಿ ಬರೆಯುವುದು ಹೇಗೆ ಎಂಬುದೇ ಈ ಪಾಠದ ವಿಷಯ.

೧. ತಲೆಬರಹವೆಂದರೇನು?

ಹಿಂದೆ ಕೆಲಸ ಬೇಕಾದವರು ಉದ್ಯೋಗ ವಿನಿಮಯ ಕೇಂದ್ರದಲ್ಲಿ ಸಾಲಾಗಿ ನಿಂತು ಹೆಸರು ನೋಂದಾಯಿಸುತ್ತಿದ್ದರು. ಪೋಷಕರಲ್ಲಿ ಅನೇಕರ ಬಳಿ ಆ ಕಾರ್ಡು ಇನ್ನೂ ಇರಬಹುದು. ಅಲ್ಲಿ ನಮ್ಮ ವಿದ್ಯಾರ್ಹತೆಯನ್ನು ನೋಡಿ, ನಾವು ಯಾವ ಬಗೆಯ ಕೆಲಸದವರೆಂದು ಗುರುತು ಹಾಕುತ್ತಿದ್ದವರು ಕಚೇರಿಯವರು. ಈಗ ಆ ಗುರುತನ್ನು ನಾವೇ ಬರೆಯಬೇಕಾದ ಕಾಲ ಬಂದಿದೆ.

ಲಿಂಕ್ಡ್‌ಇನ್ ಎಂಬ ಉದ್ಯೋಗಜಾಲದ ಹೆಸರನ್ನು ನಿಮ್ಮ ಅಣ್ಣಂದಿರೂ ಅಕ್ಕಂದಿರೂ ಹೇಳಿರಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೀಡ್ ಹಾಫ್‌ಮನ್ ಮತ್ತು ಅವರ ಸಂಗಡಿಗರು ಕಟ್ಟಿದ ಈ ಜಾಲ ೨೦೦೩ರ ಮೇ ತಿಂಗಳಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ೨೦೧೬ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಅದನ್ನು ಕೊಂಡುಕೊಂಡಿತು. ೨೦೨೩ರಲ್ಲಿ ಅದರ ಸದಸ್ಯರ ಸಂಖ್ಯೆ ನೂರು ಕೋಟಿಯನ್ನು ದಾಟಿತು. ಇದನ್ನು ಒಂದು ದೊಡ್ಡ ಸಂತೆಯೆಂದು ತಿಳಿಯಬಹುದು. ಕೆಲಸ ಕೊಡುವವರೂ ಬೇಡುವವರೂ, ಒಂದೇ ಕಸುಬಿನವರೂ ಅಲ್ಲಿ ಸೇರುತ್ತಾರೆ. ಪ್ರತಿಯೊಬ್ಬನಿಗೂ ಒಂದು ಪುಟ. ಪುಟದ ಮೇಲ್ಭಾಗದಲ್ಲಿ ಭಾವಚಿತ್ರ, ಹೆಸರು, ಹೆಸರಿನ ಕೆಳಗೆ ಒಂದು ಸಾಲು. ಆ ಸಾಲೇ ತಲೆಬರಹ.

ಈ ಸಾಲಿಗೆ ಇಷ್ಟೇಕೆ ಮಹತ್ವ? ಕೆಲಸ ಕೊಡುವವನು ಒಬ್ಬರನ್ನು ಹುಡುಕಿದಾಗ ಪಟ್ಟಿಯಲ್ಲಿ ಪೂರ್ಣ ಪುಟ ಕಾಣುವುದಿಲ್ಲ. ಮುಖ್ಯವಾಗಿ ಕಾಣುವುದು ಚಿತ್ರ, ಹೆಸರು ಮತ್ತು ಈ ಸಾಲು. ಪುಟವನ್ನು ತೆರೆಯಬೇಕೋ ಮುಂದಕ್ಕೆ ಹೋಗಬೇಕೋ ಎಂಬುದನ್ನು ಅವನು ಇಷ್ಟರಿಂದಲೇ ತೀರ್ಮಾನಿಸುತ್ತಾನೆ. ನಾವು ಏನನ್ನೂ ಬರೆಯದಿದ್ದರೆ ಈಗಿನ ಹುದ್ದೆಯ ಹೆಸರನ್ನೇ ಯಂತ್ರ ಅಲ್ಲಿ ತುಂಬುತ್ತದೆ. ಸಾಲಿನ ಮಿತಿ ೨೨೦ ಅಕ್ಷರ.

ನಮ್ಮ ಆಡುಮಾತಿನಲ್ಲಿ ಕಷ್ಟ ಬಂದಾಗ "ಎಲ್ಲಾ ನನ್ನ ತಲೆಬರಹ" ಎಂದು ಹಣೆ ಚಚ್ಚಿಕೊಳ್ಳುವುದುಂಟು. ಆ ಬರಹವನ್ನು ಬರೆಯುವವನು ಬ್ರಹ್ಮನಂತೆ. ಅದನ್ನು ತಿದ್ದಲು ಬಾರದಂತೆ. ಈ ತಲೆಬರಹ ಹಾಗಲ್ಲ. ಇದನ್ನು ಬರೆಯುವವರೂ ನಾವೇ, ತಿದ್ದುವವರೂ ನಾವೇ.

೨. ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ತೋಲ್ಪೆಟ್ಟಿ ಕಡೆಯಿಂದ ಬಂದು ನನ್ನ ತರಗತಿಯಲ್ಲಿ ಕನ್ನಡ ಓದಿದ್ದ ಹುಡುಗಿಯೊಬ್ಬಳು ಬಿ.ಕಾಂ. ಮುಗಿಸಿದ ಮೇಲೆ ನನ್ನನ್ನು ನೋಡಲು ಬಂದಳು. ಅವಳ ತಾಯಿ ಕಾಫಿ ತೋಟದಲ್ಲಿ ಕೆಲಸ ಮಾಡುವಾಕೆ. ಹುಡುಗಿ ಮೊಬೈಲನ್ನು ಮುಂದಿಟ್ಟು, "ಸರ್, ಹೆಸರಿನ ಕೆಳಗೆ ಒಂದು ಸಾಲು ಬರೆಯಬೇಕಂತೆ. ಏನು ಬರೆಯಲಿ?" ಎಂದು ಕೇಳಿದಳು.

ಕನ್ನಡ ಮೇಷ್ಟ್ರನ್ನು ಒಂದು ಸಾಲು ಕೇಳಿದರೆ ಕೇಳಬೇಕೆ! ನಾನು ಕ್ಷಣವೂ ಯೋಚಿಸದೆ ಬರೆಸಿದೆ: "ಪರಿಶ್ರಮಿ, ಪ್ರಾಮಾಣಿಕ, ಉತ್ಸಾಹಶೀಲ ಯುವತಿ, ಉಜ್ವಲ ಭವಿಷ್ಯದ ನಿರೀಕ್ಷೆಯಲ್ಲಿ." ಇಂಗ್ಲಿಷಿಗೂ ನಾನೇ ತಿರುಗಿಸಿ ಕೊಟ್ಟೆ. ಅವಳು ಕೈಮುಗಿದು ಹೋದಳು. ನಾನು ದೊಡ್ಡ ಉಪಕಾರ ಮಾಡಿದೆನೆಂದು ಹಿಗ್ಗಿದೆ.

ಆರು ತಿಂಗಳಾದರೂ ಒಬ್ಬರೂ ವಿಚಾರಿಸಲಿಲ್ಲ. ಅವಳು ಮತ್ತೊಮ್ಮೆ ಬಂದಳು; ಈ ಬಾರಿ ತಾಯಿಯೂ ಜೊತೆಗಿದ್ದಳು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಆಗ ಕೇಳಿದೆ: "ಅಲ್ಲಮ್ಮಾ, ಕಾಲೇಜು ಮುಗಿದ ಮೇಲೆ ನೀನು ಏನು ಮಾಡುತ್ತಿದ್ದೀ?"

"ಏನೂ ಇಲ್ಲ ಸರ್. ಕುಟ್ಟದಲ್ಲಿ ಒಂದು ಮಲಂಜರಕು ಅಂಗಡಿ ಇದೆಯಲ್ಲ, ಅಲ್ಲಿ ಸುಮ್ಮನೆ ಕೂತಿರುತ್ತೇನೆ."

"ಸುಮ್ಮನೆ ಕೂತವಳಿಗೆ ಅವರು ಸಂಬಳ ಕೊಡುತ್ತಾರೆಯೇ?"

ಹುಡುಗಿ ನಕ್ಕಳು. ಬಿಡಿಸಿ ಬಿಡಿಸಿ ಕೇಳಿದಾಗ ಒಂದೊಂದೇ ಹೊರಬಿತ್ತು. ಎರಡು ಕೊಯ್ಲಿನ ಹಂಗಾಮು ಅವಳು ಆ ಕಾಫಿ ಮತ್ತು ಕರಿಮೆಣಸಿನ ಅಂಗಡಿಯಲ್ಲಿ ಲೆಕ್ಕ ಬರೆದಿದ್ದಳು. ಬೆಳೆಗಾರರು ತಂದ ಚೆರ್ರಿಯ ಮಾದರಿ ತೆಗೆದು ತೇವಾಂಶ ನೋಡುವುದು, ಔಟ್‌ಟರ್ನ್ ಲೆಕ್ಕ ಹಾಕುವುದು, ತೂಕದ ಚೀಟಿ ಬರೆಯುವುದು, ಸಂಜೆ ಎಲ್ಲವನ್ನೂ ಟ್ಯಾಲಿಯಲ್ಲಿ ಏರಿಸುವುದು ಅವಳ ಕೆಲಸ. ವಯನಾಡಿನ ಬೆಳೆಗಾರರೊಡನೆ ಮಲಯಾಳ, ಹುಣಸೂರಿನ ಲಾರಿಯವರೊಡನೆ ಕನ್ನಡ, ಮೂಟೆ ಹೊರುವವರೊಡನೆ ರಾವುಳ ಮಾತು. ಇಷ್ಟೆಲ್ಲ ಇದ್ದೂ ಅವಳ ಬಾಯಲ್ಲಿ ಬಂದ ಉತ್ತರ "ಏನೂ ಇಲ್ಲ ಸರ್". ಅವಳ ತಲೆಬರಹದಲ್ಲಿ ಇದ್ದುದು ನನ್ನ ಅಲಂಕಾರ; ಅವಳ ಕೆಲಸದ ಒಂದು ಮಾತೂ ಅಲ್ಲಿರಲಿಲ್ಲ.

ತಾಯಿ ಮೂಲೆಯ ಬೆಂಚಿನಲ್ಲಿ ಕುಳಿತು ಕೇಳುತ್ತಿದ್ದಳು. ಕೊನೆಗೆ ಹೇಳಿದಳು: "ಮೇಷ್ಟ್ರೇ, ಇವಳಿಗೆ ಇಷ್ಟೆಲ್ಲ ಬರುತ್ತದೆಂದು ನನಗೇ ಗೊತ್ತಿರಲಿಲ್ಲ."

ಆ ದಿನ ನಾವು ಹಳೆಯ ಸಾಲನ್ನು ಅಳಿಸಿ ಹೊಸದನ್ನು ಬರೆದೆವು. ಹೇಗೆ ಬರೆದೆವೆಂಬುದನ್ನು ಹೇಳುವ ಮುನ್ನ, ನಮ್ಮ ಸಾಹಿತ್ಯದಿಂದಲೂ ನಮ್ಮ ತೋಟದಿಂದಲೂ ಎರಡು ಮಾತು ಹೇಳಬೇಕಾಗಿದೆ.

೩. ಬಿರುದು ಬೇರೆ, ಕಾಯಕ ಬೇರೆ

ಹೆಸರಿನೊಡನೆ ಒಂದು ಮಾತು ಸೇರಿಸುವ ಪದ್ಧತಿ ಕನ್ನಡಕ್ಕೆ ಹೊಸದೇನಲ್ಲ. ಅದು ಎರಡು ವಿಧ.

ಮೊದಲನೆಯದು ಬಿರುದು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಂದ ಪೊನ್ನನಿಗೆ "ಉಭಯಕವಿಚಕ್ರವರ್ತಿ" ಎಂಬ ಬಿರುದು ಬಂದಿತು. ಚಾಲುಕ್ಯ ತೈಲಪನಿಂದ ರನ್ನನಿಗೆ "ಕವಿಚಕ್ರವರ್ತಿ" ಎಂಬುದು ಬಂದಿತು. ನಮ್ಮಂತೆಯೇ ಗಡಿನಾಡಿನವರಾದ ಮಂಜೇಶ್ವರದ ಗೋವಿಂದ ಪೈಗಳಿಗೆ ೧೯೪೯ರಲ್ಲಿ ಅಂದಿನ ಮದ್ರಾಸು ಸರ್ಕಾರ "ರಾಷ್ಟ್ರಕವಿ" ಎಂಬ ಗೌರವವನ್ನು ನೀಡಿತು. ಈ ಮೂರರಲ್ಲಿಯೂ ಒಂದು ಸಂಗತಿ ಸಮಾನವಾಗಿದೆ: ಬಿರುದು ಕೊಟ್ಟವರು ಬೇರೆಯವರು.

ಎರಡನೆಯದು ಕಾಯಕದ ಹೆಸರು. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ನೆನೆಯಿರಿ: ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ಮೋಳಿಗೆ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ಬಟ್ಟೆ ಮಡಿ ಮಾಡುವವರು, ಬುಟ್ಟಿ ಹೆಣೆಯುವವರು, ಎಲೆ ಅಡಿಕೆಯ ಚೀಲ ಹಿಡಿಯುವವರು, ಹಗ್ಗ ಹೊಸೆಯುವವರು, ಸೌದೆಯ ಹೊರೆ ಮಾರುವವರು, ಚೆಲ್ಲಿದ ಅಕ್ಕಿಯನ್ನು ಆಯುವವರು. ಹೆಸರು ಕೇಳಿದೊಡನೆ ಕೈಯ ಕೆಲಸ ಕಣ್ಣಿಗೆ ಕಟ್ಟುತ್ತದೆ. ಅಂಬಿಗರ ಚೌಡಯ್ಯನಂತೂ ಒಂದು ಹೆಜ್ಜೆ ಮುಂದೆ ಹೋದ. ಹೆಚ್ಚಿನ ವಚನಕಾರರು ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಅವನು ತನ್ನ ವೃತ್ತಿ ಸೇರಿದ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ.

ಈಗ ವ್ಯಾಕರಣದ ಕಣ್ಣಿನಿಂದ ನೋಡಿ. ಮೇಲಿನ ಹೆಸರುಗಳಲ್ಲಿ ಒಂದಾದರೂ ಹೊಗಳಿಕೆಯ ಗುಣವಾಚಕವಿದೆಯೇ? "ಪರಿಶ್ರಮಿ ಮಾಚಯ್ಯ" ಎಂದಿಲ್ಲ, "ಪ್ರಾಮಾಣಿಕ ಕೇತಯ್ಯ" ಎಂದಿಲ್ಲ. ಪರಿಶ್ರಮವನ್ನೂ ಪ್ರಾಮಾಣಿಕತೆಯನ್ನೂ ನೋಡಿದವರು ಹೇಳಬೇಕು. ನಾವು ಹೇಳಬೇಕಾದದ್ದು ಕಾಯಕವನ್ನು ಮಾತ್ರ. ನಾನು ಆ ಹುಡುಗಿಗೆ ಬರೆಸಿದ್ದು ಬಿರುದು. ಅದೂ ತನಗೆ ತಾನೇ ಕೊಟ್ಟುಕೊಂಡ ಬಿರುದು. ಅದನ್ನು ಯಾರು ನಂಬುತ್ತಾರೆ?

ಇಲ್ಲಿ ಒಂದು ವಿವರಣೆ ಅಗತ್ಯ. ವೃತ್ತಿಯ ಹೆಸರುಗಳು ನಮ್ಮ ಸಮಾಜದಲ್ಲಿ ಎಷ್ಟೋ ಕಡೆ ಜಾತಿಯ ಹೆಸರುಗಳಾಗಿ ಹುಟ್ಟಿನೊಡನೆ ಅಂಟಿಕೊಂಡವು. ನಾನು ಹೇಳುತ್ತಿರುವುದು ಅದನ್ನಲ್ಲ. ಕಲಿತು ಗಳಿಸಿದ ಕೆಲಸವನ್ನು ಹೇಳಿರಿ. ಹುಟ್ಟಿನಿಂದ ಬಂದದ್ದನ್ನು ಆ ಸಾಲಿನಲ್ಲಿ ಹೇಳಬೇಕಾಗಿಲ್ಲ. ನಮ್ಮ ಊರಿನ ಮಕ್ಕಳಿಗೆ ಈ ಮಾತು ಬಹಳ ಮುಖ್ಯ. ಹಾಡಿಯ ಹುಡುಗ, ಲೈನಿನ ಹುಡುಗಿ ಎಂದು ಇತರರು ಕರೆದದ್ದನ್ನೇ ಕೇಳಿ ಬೆಳೆದ ಮಗು, ತಾನು ಯಾರೆಂಬುದನ್ನು ತನ್ನ ಕೆಲಸದ ಮೂಲಕ ತಾನೇ ಹೇಳಲು ದೊರೆತ ಒಂದು ಸಾಲು ಇದು.

೪. ಚೀಲದ ಮೇಲಿನ ಗುರುತು

ಇನ್ನು ತೋಟಕ್ಕೆ ಬರೋಣ. ಕಾಫಿಯ ವ್ಯಾಪಾರದಲ್ಲಿ "ರೊಬಸ್ಟಾ ಚೆರ್ರಿ ಎಬಿ" ಎಂಬ ದರ್ಜೆಯ ಹೆಸರನ್ನು ನೀವು ಕೇಳಿರಬಹುದು. ಮೂರೇ ಮಾತು. ರೊಬಸ್ಟಾ ಎಂಬುದು ಜಾತಿ. ಚೆರ್ರಿ ಎಂದರೆ ಹಣ್ಣನ್ನು ಸಿಪ್ಪೆಸಹಿತ ಒಣಗಿಸಿ ಹದ ಮಾಡಿದ್ದು. ಎಬಿ ಎಂಬುದು ಕಾಳಿನ ಗಾತ್ರದ ಗುರುತು. ದೂರದೇಶದ ವ್ಯಾಪಾರಿ ನಮ್ಮ ತೋಟವನ್ನು ಕಂಡವನಲ್ಲ. ಆದರೂ ಈ ಮೂರು ಮಾತಿನಿಂದ ತನಗೆ ಬೇಕಾದ ಮಾಲು ಇದೋ ಅಲ್ಲವೋ ಎಂಬುದು ಅವನಿಗೆ ತಿಳಿಯುತ್ತದೆ. ಅದರ ಬದಲು ಚೀಲದ ಮೇಲೆ "ಅತ್ಯುತ್ತಮ, ಸುವಾಸಿತ, ಮನಮೋಹಕ ಕಾಫಿ" ಎಂದಷ್ಟೇ ಬರೆದಿದ್ದರೆ ಅವನು ಬೆಲೆಯನ್ನಾದರೂ ಹೇಗೆ ಕಟ್ಟಿಯಾನು?

೨೦೧೯ರಲ್ಲಿ "ಕೂರ್ಗ್ ಅರೇಬಿಕಾ" ಮತ್ತು "ವಯನಾಡ್ ರೊಬಸ್ಟಾ" ಎಂಬ ಹೆಸರುಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅವುಗಳಲ್ಲಿ ಇರುವುದೂ ಎರಡೆರಡೇ ಮಾತು: ಎಲ್ಲಿಯದು, ಯಾವುದು. ಗಡಿಯ ಈಚೆಗೊಂದು, ಆಚೆಗೊಂದು. ಒಳ್ಳೆಯ ತಲೆಬರಹದ ಮಾದರಿ ನಮ್ಮ ಕಣ್ಣೆದುರಿನ ಕಣದಲ್ಲಿಯೇ ಒಣಗುತ್ತಿದೆ.

೫. ಬರೆಯುವ ಕ್ರಮ

ತಲೆಬರಹವನ್ನು ನೇರವಾಗಿ ಮೊಬೈಲಿನಲ್ಲಿ ಬರೆಯಬಾರದು. ಒಂದು ಹಾಳೆಯನ್ನು ತೆಗೆದುಕೊಂಡು ಕೆಳಗಿನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕು.

ಮೊದಲನೆಯದಾಗಿ, ನನ್ನ ಕೆಲಸದ ಹೆಸರೇನು? ಹುಡುಕುವವನು ಬಳಸುವ ಹೆಸರೇ ಇರಲಿ. ಲೆಕ್ಕ ಬರೆಯುವವರನ್ನು ಹುಡುಕುವವನು "ಅಕೌಂಟ್ಸ್ ಸಹಾಯಕ" ಎಂದು ಹುಡುಕುತ್ತಾನೆ. "ಅಂಕಿಗಳ ಮಾಂತ್ರಿಕ" ಎಂದು ಯಾರೂ ಹುಡುಕುವುದಿಲ್ಲ. ಚಮತ್ಕಾರವನ್ನು ಕವಿತೆಗೆ ಮೀಸಲಿಡಿ.

ಎರಡನೆಯದಾಗಿ, ಆ ಕೆಲಸದಲ್ಲಿ ನನಗೆ ನಿರ್ದಿಷ್ಟವಾಗಿ ಏನು ಬರುತ್ತದೆ? ಯಂತ್ರವೋ ಉಪಕರಣವೋ ವಿಧಾನವೋ ಇದ್ದರೆ ಅದರ ಹೆಸರನ್ನು ಬರೆಯಿರಿ.

ಮೂರನೆಯದಾಗಿ, ಎಲ್ಲಿ, ಎಷ್ಟು ಕಾಲ ಮಾಡಿದ್ದೇನೆ? ಇಲ್ಲಿ ಗುಣವಾಚಕಕ್ಕಿಂತ ಸಂಖ್ಯಾವಾಚಕಕ್ಕೆ ಬೆಲೆ ಹೆಚ್ಚು. "ಅಪಾರ ಅನುಭವ" ಎಂಬುದಕ್ಕಿಂತ "೨ ವರ್ಷ" ಎಂಬುದು ಮೇಲು.

ನಾಲ್ಕನೆಯದಾಗಿ, ನನ್ನಂತಹ ಹತ್ತು ಜನರಲ್ಲಿ ನನಗೆ ಮಾತ್ರ ಬರುವುದು ಏನಾದರೂ ಇದೆಯೇ? ಗಡಿನಾಡಿನ ಮಕ್ಕಳಿಗೆ ಇದರ ಉತ್ತರ ಅನೇಕ ವೇಳೆ ಭಾಷೆಯೇ ಆಗಿರುತ್ತದೆ. ಆ ವಿಷಯ ಮುಂದೆ ಬರುತ್ತದೆ.

ಹೀಗೆ ಬರೆದುಕೊಂಡ ಮೇಲೆ ಪ್ರತಿಯೊಂದು ಪದವನ್ನೂ ಪರೀಕ್ಷಿಸಬೇಕು. ಪರೀಕ್ಷೆಯ ವಿಧಾನ ಸುಲಭ: ಆ ಪದದ ವಿರುದ್ಧಪದವನ್ನು ಯಾರಾದರೂ ತಮ್ಮ ಬಗ್ಗೆ ಬರೆದುಕೊಂಡಾರೆಯೇ ಎಂದು ಕೇಳಿಕೊಳ್ಳಿ. "ನಾನು ಸೋಮಾರಿ" ಎಂದು ಯಾರೂ ಬರೆಯುವುದಿಲ್ಲ. ಆದುದರಿಂದ "ಪರಿಶ್ರಮಿ" ಎಂಬ ಪದ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುವುದಿಲ್ಲ, ಅದನ್ನು ಹೊಡೆದುಹಾಕಿ. "ಟ್ಯಾಲಿ ಬರುತ್ತದೆ" ಎಂಬ ಮಾತು ಹಾಗಲ್ಲ. ಟ್ಯಾಲಿ ಬಾರದವರು ಎಷ್ಟೋ ಮಂದಿ ಇದ್ದಾರೆ. ಆದ್ದರಿಂದ ಅದು ಉಳಿಯಲಿ.

"ಕೆಲಸ ಹುಡುಕುತ್ತಿದ್ದೇನೆ" ಎಂಬ ಮಾತಿಗೂ ಸಾಲಿನಲ್ಲಿ ಜಾಗ ಕೊಡಬೇಕಾಗಿಲ್ಲ. ಅದನ್ನು ಸೂಚಿಸಲು ಜಾಲದಲ್ಲಿ ಪ್ರತ್ಯೇಕ ಏರ್ಪಾಡು ಇದೆ. ಬೇಕಾದುದನ್ನು ಬೇರೆ ಕಡೆ ಹೇಳಿ, ಬರುವುದನ್ನು ತಲೆಬರಹದಲ್ಲಿ ಹೇಳಿರಿ. ಮುಖ್ಯವಾದ ಮಾತು ಮೊದಲು ಬರಲಿ. ಮೊಬೈಲಿನ ಕಿರಿದಾದ ಪರದೆಯಲ್ಲಿ ಸಾಲಿನ ಕೊನೆ ಕತ್ತರಿಸಿಹೋಗುವುದುಂಟು.

ಈ ಕ್ರಮವನ್ನು ಅನುಸರಿಸಿ ಆ ಹುಡುಗಿಯೂ ನಾನೂ ಸೇರಿ ಬರೆದ ಸಾಲು ಹೀಗಿತ್ತು:

"ಅಕೌಂಟ್ಸ್ ಸಹಾಯಕಿ, ಬಿ.ಕಾಂ. | ಕಾಫಿ, ಕರಿಮೆಣಸು ಖರೀದಿ ಲೆಕ್ಕ, ಟ್ಯಾಲಿ: ೨ ಕೊಯ್ಲಿನ ಹಂಗಾಮು | ಕನ್ನಡ, ಮಲಯಾಳ ಓದು ಬರಹ, ರಾವುಳ ಮಾತು"

"೨ ಹಂಗಾಮು" ಎಂಬಲ್ಲಿ ಅವಳು ಮೊದಲು "೨ ವರ್ಷ" ಎಂದು ಬರೆದಿದ್ದಳು. "ಕೇಳುವುದಕ್ಕೆ ಚೆನ್ನಾಗಿರುತ್ತದೆ ಸರ್" ಎಂದಳು. "ಕೇಳುವವನು ತಿಂಗಳ ಲೆಕ್ಕ ಕೇಳಿದರೆ ಏನು ಹೇಳುತ್ತೀ?" ಎಂದೆ. ಅವಳೇ ತಿದ್ದಿದಳು. ಇದನ್ನೇ ಇಂಗ್ಲಿಷಿಗೆ ತಿರುಗಿಸಿ ಏರಿಸಿದೆವು.

ಎರಡು ತಿಂಗಳೊಳಗೆ ಕಾಫಿ ವ್ಯವಹಾರದ ಒಂದು ಸಂಸ್ಥೆಯಿಂದ ವಿಚಾರಣೆ ಬಂತು. ಅವರು ಮೊದಲು ಕೇಳಿದ್ದೇ ಹಂಗಾಮಿನ ವಿಷಯವನ್ನು; ಕೊಯ್ಲಿನ ಕಾಲದ ಗಡಿಬಿಡಿ ಏನೆಂಬುದು ಅವರಿಗೆ ಗೊತ್ತಿತ್ತು. ಆ ಕೆಲಸ ಅವಳಿಗೆ ಆಗಲಿಲ್ಲ. ಅವರಿಗೆ ಹೆಚ್ಚು ಓದಿದವರು ಬೇಕಾಗಿತ್ತು. ಮುಂದೆ ಬಂದ ಇನ್ನೊಂದು ಆಯಿತು. ಒಳ್ಳೆಯ ಸಾಲು ಬರೆದೊಡನೆ ಕೆಲಸ ಸಿಕ್ಕೇಬಿಡುತ್ತದೆಂದು ನಾನು ಹೇಳುವುದಿಲ್ಲ. ಸಾಲು ಬಾಗಿಲನ್ನು ತಟ್ಟುತ್ತದೆ. ಒಳಗೆ ಹೋಗಿ ಕೂರಬೇಕಾದವರು ನಾವು.

೬. ಕೆಲವು ಉದಾಹರಣೆಗಳು

ಕೆಳಗಿನವು ಅಭ್ಯಾಸಕ್ಕಾಗಿ ನಾನು ಕಲ್ಪಿಸಿದವು. ಎಡವಿದ ಸಾಲು ಮೊದಲು, ತಿದ್ದಿದ ಸಾಲು ಆಮೇಲೆ.

ಎಲೆಕ್ಟ್ರಿಷಿಯನ್:
"ಐ.ಟಿ.ಐ. ಪಾಸಾದ ಉದ್ಯೋಗಾಕಾಂಕ್ಷಿ."
"ಎಲೆಕ್ಟ್ರಿಷಿಯನ್, ಐ.ಟಿ.ಐ. | ಮನೆ ವೈರಿಂಗ್, ನೀರಿನ ಪಂಪ್ ಮೋಟಾರ್ ರಿಪೇರಿ | ತೋಟಗಳ ಪಂಪ್‌ಹೌಸ್‌ಗಳಲ್ಲಿ ೨ ವರ್ಷ"

ನರ್ಸ್:
"ಸೇವೆಯೇ ನನ್ನ ಉಸಿರು."
"ನರ್ಸ್, ಜಿ.ಎನ್.ಎಂ. | ಹೆರಿಗೆ ವಾರ್ಡಿನಲ್ಲಿ ೩ ವರ್ಷ | ಕನ್ನಡ, ಮಲಯಾಳ, ರಾವುಳ ಮಾತು ಬಲ್ಲೆ"

ಕಾಡಿನ ಮಾರ್ಗದರ್ಶಿ:
"ಪ್ರಕೃತಿಪ್ರೇಮಿ, ಸಾಹಸಪ್ರಿಯ."
"ವನ್ಯಜೀವಿ ಪ್ರವಾಸದ ಮಾರ್ಗದರ್ಶಿ, ತೋಲ್ಪೆಟ್ಟಿ | ಹಕ್ಕಿಗಳ ಗುರುತು, ಪ್ರಾಣಿಗಳ ಹೆಜ್ಜೆಗುರುತು | ಕನ್ನಡ, ಮಲಯಾಳ, ಇಂಗ್ಲಿಷ್"

ಇನ್ನೂ ಓದುತ್ತಿರುವಾಕೆ:
"ವಿದ್ಯಾರ್ಥಿನಿ."
"ಬಿ.ಎಸ್‌ಸಿ. ಸಸ್ಯಶಾಸ್ತ್ರ, ಅಂತಿಮ ವರ್ಷ | ನರ್ಸರಿ ಗಿಡ ಬೆಳೆಸುವುದು, ಕಸಿ ಕಟ್ಟುವುದು | ಮನೆಯ ಮೆಣಸಿನ ಬಳ್ಳಿಗಳ ರೋಗಗಳ ದಾಖಲೆ ಇಡುತ್ತಿದ್ದೇನೆ"

ಕೊನೆಯ ಉದಾಹರಣೆಯನ್ನು ಗಮನಿಸಿ. ಆಕೆಗೆ ಸಂಬಳದ ಕೆಲಸ ಇನ್ನೂ ಇಲ್ಲ. ಆದರೂ ಬರೆಯಲು ವಿಷಯವಿದೆ. ಅನುಭವವಿಲ್ಲದವರು ಕಲಿಯುತ್ತಿರುವುದನ್ನೂ ಕೈಯಾರೆ ಮಾಡಿ ನೋಡಿರುವುದನ್ನೂ ಬರೆಯಬಹುದು. ಬರೆದುದೆಲ್ಲ ನಿಜವಾಗಿರಬೇಕು, ಅಷ್ಟೆ.

೭. ಭಾಷೆಯೂ ಒಂದು ಕೆಲಸ

೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಡಗು ಅಂದಿನ ಮೈಸೂರು ರಾಜ್ಯಕ್ಕೂ ವಯನಾಡು ಸೇರಿದ ಮಲಬಾರು ಕೇರಳಕ್ಕೂ ಸೇರಿದವು. ವಯನಾಡು ಪ್ರತ್ಯೇಕ ಜಿಲ್ಲೆಯಾದದ್ದು ೧೯೮೦ರಲ್ಲಿ. ಗೆರೆ ಎಳೆದರೂ ಜನರ ಓಡಾಟ ನಿಲ್ಲಲಿಲ್ಲ. ತೋಲ್ಪೆಟ್ಟಿಯವರು ಸಾಮಾನಿಗೆ ಕುಟ್ಟಕ್ಕೆ ಹೋಗುತ್ತಾರೆ. ಕುಟ್ಟದವರು ಮಾನಂದವಾಡಿಗೆ ಹೋಗುತ್ತಾರೆ. ಹೀಗಾಗಿ ಇಲ್ಲಿಯ ಮಗು ಹತ್ತು ವರ್ಷ ತುಂಬುವುದರೊಳಗೆ ಎರಡು ಮೂರು ಭಾಷೆಗಳನ್ನು ತಾನಾಗಿ ಕಲಿತಿರುತ್ತದೆ.

ದುಃಖದ ಸಂಗತಿಯೆಂದರೆ ನಾವು ಇದನ್ನು ವಿದ್ಯೆಯೆಂದು ಎಣಿಸುವುದಿಲ್ಲ. "ಕನ್ನಡ ಮಾಧ್ಯಮದಲ್ಲಿ ಓದಿದವಳು" ಎಂಬುದನ್ನು ಮುಚ್ಚಿಡಬೇಕಾದ ಕೊರತೆಯೆಂದೇ ಅನೇಕ ಮಕ್ಕಳು ತಿಳಿದಿದ್ದಾರೆ. ಅವರಿಗೆ ಒಂದು ಮಾತು ಹೇಳುತ್ತೇನೆ. ಕಾಸರಗೋಡು ಜಿಲ್ಲೆಯಲ್ಲಿ ಕೇರಳ ಲೋಕಸೇವಾ ಆಯೋಗ "ಕನ್ನಡ ಮತ್ತು ಮಲಯಾಳ ಬಲ್ಲ ಗುಮಾಸ್ತ" ಎಂಬ ಹುದ್ದೆಗೇ ಪ್ರತ್ಯೇಕವಾಗಿ ಅರ್ಜಿ ಕರೆದದ್ದುಂಟು. ಹುದ್ದೆಯ ಹೆಸರಿನಲ್ಲಿಯೇ ಎರಡು ಭಾಷೆಗಳಿವೆ. ಸರ್ಕಾರವೇ ಎರಡು ಭಾಷೆ ಬಲ್ಲವರನ್ನು ಹೆಸರು ಹಿಡಿದು ಕರೆಯುವಾಗ ನಾವೇಕೆ ಅದನ್ನು ಮುಚ್ಚಿಡಬೇಕು?

ಹೆರಿಗೆಯ ನೋವಿನಲ್ಲಿರುವ ಹಾಡಿಯ ತಾಯಿಗೆ ಅವಳ ಮಾತಿನಲ್ಲೇ ಧೈರ್ಯ ಹೇಳಬಲ್ಲ ನರ್ಸ್ ಒಂದು ಆಸ್ಪತ್ರೆಗೆ ಎಷ್ಟು ಬೇಕಾದವಳೆಂಬುದನ್ನು ಯೋಚಿಸಿ. ಆದರೆ ಭಾಷೆಯ ವಿಷಯದಲ್ಲಿಯೂ ಅಳತೆ ತಪ್ಪಬಾರದು. ಮಾತನಾಡಲು ಬರುವುದು ಬೇರೆ, ಓದು ಬರಹ ಬರುವುದು ಬೇರೆ. ಯಾವುದು ಬರುತ್ತದೋ ಅದನ್ನೇ ಬರೆಯಿರಿ.

೮. ಅಕ್ಷರಗಳ ಲೆಕ್ಕ

೨೨೦ ಅಕ್ಷರಗಳ ಮಿತಿಯೆಂದೆನಷ್ಟೆ. ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಸೂಕ್ಷ್ಮವಿದೆ. ನಾವು ಗುಣಿತಾಕ್ಷರವನ್ನೂ ಒತ್ತಕ್ಷರವನ್ನೂ ಒಂದೊಂದು ಅಕ್ಷರವೆಂದು ಎಣಿಸುತ್ತೇವೆ. ಗಣಕಯಂತ್ರ ಹಾಗೆ ಎಣಿಸುವುದಿಲ್ಲ. ಮೂಲಾಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು, ಖಾಲಿ ಜಾಗ ಎಲ್ಲವೂ ಅದಕ್ಕೆ ಒಂದೊಂದು. "ಕನ್ನಡ" ಎಂಬುದು ನಮಗೆ ೩, ಯಂತ್ರಕ್ಕೆ ೫. "ತೋಲ್ಪೆಟ್ಟಿ" ನಮಗೆ ೩, ಯಂತ್ರಕ್ಕೆ ೧೦. "ಸ್ತ್ರೀ" ಎಂಬ ಒಂದೇ ಅಕ್ಷರ ಯಂತ್ರಕ್ಕೆ ೬. ಆದುದರಿಂದ ಕನ್ನಡದ ಸಾಲು ನಾವು ಎಣಿಸಿದ್ದಕ್ಕಿಂತ ಬೇಗ ತುಂಬುತ್ತದೆ. ದೊಡ್ಡ ಸಮಾಸಪದಗಳನ್ನು ಬಿಟ್ಟು ಚಿಕ್ಕ ಪದಗಳನ್ನು ಆರಿಸಿಕೊಳ್ಳುವುದು ಲೇಸು.

ಯಾವ ಭಾಷೆಯಲ್ಲಿ ಬರೆಯಬೇಕೆಂಬುದನ್ನು ಓದುವವನನ್ನು ನೋಡಿ ತೀರ್ಮಾನಿಸಿ. ದೂರದ ಕಂಪನಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಹುಡುಕುತ್ತವೆ. ಆದರೂ ಮೊದಲು ಕನ್ನಡದಲ್ಲಿಯೇ ಬರೆದು ನೋಡಿರಿ. ಅರ್ಥವಿಲ್ಲದ ಮಾತು ಇಂಗ್ಲಿಷಿನಲ್ಲಿ ಗಂಭೀರವಾಗಿ ಕಾಣಬಹುದು. ಮನೆಮಾತಿನಲ್ಲಿ ಅದರ ಪೊಳ್ಳು ಕೂಡಲೇ ಹೊರಬೀಳುತ್ತದೆ.

೯. ಎಚ್ಚರಿಕೆಯ ಮಾತು

ಲಿಂಕ್ಡ್‌ಇನ್ ಸದಸ್ಯರಾಗಲು ೧೬ ವರ್ಷ ತುಂಬಿರಬೇಕು. ಆದುದರಿಂದ ಪ್ರೌಢಶಾಲೆಯ ಮಕ್ಕಳು ವಯಸ್ಸು ಮರೆಮಾಚಿ ಪುಟ ತೆರೆಯಬಾರದು. ನೋಟ್‌ಬುಕ್ಕಿನಲ್ಲಿ ಅಭ್ಯಾಸ ಮಾಡಿದರೆ ಸಾಕು. ತೆರೆಯುವ ಕಾಲಕ್ಕೂ ತಲೆಬರಹದಲ್ಲಿ ಮನೆಯ ವಿಳಾಸ, ಫೋನ್ ಸಂಖ್ಯೆ, ಆಧಾರ್ ಸಂಖ್ಯೆ ಬರೆಯಬಾರದು. ಕೆಲಸ ಕೊಡಿಸುತ್ತೇನೆಂದು ಮುಂಗಡ ಹಣ ಕೇಳುವವರನ್ನು ನಂಬಬಾರದು. ಇದಲ್ಲದೆ ಕೇಂದ್ರ ಸರ್ಕಾರ ೨೦೧೫ರಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವೆ ಎಂಬ ಜಾಲವೂ ಇದೆ; ಅಲ್ಲಿ ಹೆಸರು ನೋಂದಾಯಿಸಲು ಶುಲ್ಕವಿಲ್ಲ. ಸಾಲು ಬರೆಯುವ ಕ್ರಮ ಅಲ್ಲಿಗೂ ಒಂದೇ, ಕಾಗದದ ಅರ್ಜಿಗೂ ಒಂದೇ.

೧೦. ಪೋಷಕರಲ್ಲಿ ವಿನಂತಿ

ಮಕ್ಕಳು ಅಂಕಪಟ್ಟಿ ತಂದಾಗ ನಾವು ಅಂಕಗಳನ್ನು ನೋಡುತ್ತೇವೆ. ಒಂದು ಸಂಜೆ ಬಿಡುವು ಮಾಡಿಕೊಂಡು "ನಿನಗೆ ಏನೇನು ಕೆಲಸ ಬರುತ್ತದೆ?" ಎಂದು ಕೇಳಿ ನೋಡಿ. "ಏನೂ ಇಲ್ಲ" ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಮೆಣಸು ಕೊಯ್ಯಲು ಏಣಿ ಕಟ್ಟುವವರು ಯಾರು, ಹಾಲಿನ ಲೆಕ್ಕ ಬರೆಯುವವರು ಯಾರು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು ಡಾಕ್ಟರರ ಮಲಯಾಳವನ್ನು ಕನ್ನಡದಲ್ಲಿ ತಿಳಿಸಿ ಹೇಳುವವರು ಯಾರು ಎಂದು ಕೇಳಿ. ನಿಮ್ಮ ಮಗುವಿನ ತಲೆಬರಹದ ಮೊದಲ ಅಕ್ಷರಗಳು ಅಲ್ಲಿವೆ. ಮೇಷ್ಟ್ರಾದ ನಾನು ಒಮ್ಮೆ ಕೇಳದೆ ತಪ್ಪಿದೆ, ನೀವು ತಪ್ಪಬೇಡಿ.

ಅಭ್ಯಾಸ

೧) ಕಳೆದ ಬೇಸಿಗೆ ರಜೆಯಲ್ಲಿ ನೀನು ಮಾಡಿದ ಕೆಲಸಗಳನ್ನು ಹತ್ತು ಸಾಲುಗಳಲ್ಲಿ ಬರೆ. ಗುಣವಾಚಕಗಳನ್ನು ಬಳಸಬೇಡ.

೨) ನಿನ್ನ ತಾಯಿ ಅಥವಾ ತಂದೆಯ ಕೆಲಸಕ್ಕೆ ಒಂದು ತಲೆಬರಹ ಬರೆ. ಬರೆಯುವ ಮುನ್ನ ಅವರನ್ನು ಕನಿಷ್ಠ ಐದು ಪ್ರಶ್ನೆ ಕೇಳು.

೩) "ಸೃಜನಶೀಲ, ಶಿಸ್ತಿನ, ಬಹುಮುಖ ಪ್ರತಿಭೆಯ ಹೊಲಿಗೆಗಾರ್ತಿ" ಎಂಬ ಸಾಲನ್ನು ವಿರುದ್ಧಪದದ ಪರೀಕ್ಷೆಗೆ ಒಡ್ಡು. ಉಳಿಯುವ ಪದ ಯಾವುದು? ಅದಕ್ಕೆ ಇನ್ನೇನು ಸೇರಿಸಬೇಕು?

೪) "ವಯನಾಡ್ ರೊಬಸ್ಟಾ", "ಮೇದರ ಕೇತಯ್ಯ" ಎಂಬ ಎರಡು ಹೆಸರುಗಳಿಗೂ ಇರುವ ಸಾಮ್ಯವೇನು? ವ್ಯತ್ಯಾಸವೇನು?

೫) ನಿನಗೆ ಬರುವ ಭಾಷೆಗಳನ್ನು ಮಾತು, ಓದು, ಬರಹ ಎಂಬ ಮೂರು ಅಂಕಣಗಳಲ್ಲಿ ಪ್ರಾಮಾಣಿಕವಾಗಿ ಪಟ್ಟಿ ಮಾಡು. ಖಾಲಿ ಉಳಿದ ಅ೦ಕಣವನ್ನು ಈ ವರ್ಷ ತುಂಬಲು ಪ್ರಯತ್ನಿಸು.

ಉತ್ತರಗಳನ್ನು ನನಗೆ ತಂದು ತೋರಿಸಬಹುದು. ಈ ಬಾರಿ ನಾನು ಬರೆಸುವುದಿಲ್ಲ, ಕೇಳುತ್ತೇನೆ.